ಹದಿಮೂರನೇ ತಿಂಗಳ ಪಾಳಿ

ಹಳ್ಳಿಯ ಜನರನ್ನು ಸೇರಿಸಿ ಮುಪ್ಪಿನ ಬಗ್ಗೆ ಮಾತಾಡುವುದು ನನ್ನ ಕೆಲಸ. ಸಾವಿನ ಬಗ್ಗೆ ಹೇಳಿದರೆ ಜನ ಕೂತು ತಲೆಯಾಡಿಸುತ್ತಾರೆ. ಹಾಸಿಗೆ ಹಿಡಿಯುವುದರ ಬಗ್ಗೆ ಹೇಳಿದರೆ ಎಮ್ಮೆ ಕಟ್ಟುವುದು ನೆನಪಾಗಿ ಎದ್ದು ಹೋಗುತ್ತಾರೆ. ಅದಕ್ಕೇ ನಾನು ಭಾಷಣ ಬಿಟ್ಟು ಕೌದಿಯಿಂದ ಶುರು ಮಾಡುತ್ತಿದ್ದೆ. ನಮ್ಮದು ಮಹಾರಾಷ್ಟ್ರದ ಗಡಿಯೂರು ಉಮದಿಯ ಪಿಂಜಾರ ಮನೆ, ಗಾದಿ ಹೊಲಿದು ಬದುಕಿದವರು. ಕೌದಿ ಹಾಸುವುದನ್ನು ಯಾರೂ ನನಗೆ ಕಲಿಸಬೇಕಿರಲಿಲ್ಲ.

ಪಂಚಾಯ್ತಿ ಕಟ್ಟೆಯ ಮೇಲೆ ಕೌದಿ ಹಾಸಿ, ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಬಾಯಿ ಮಾಡುವ ಗಂಡಸನ್ನು ಕರೆದು ಮಲಗಿಸುತ್ತಿದ್ದೆ. "ಕೈಕಾಲು ಅಲುಗಿಸಬ್ಯಾಡ್ರಿ. ಮೂಗಿನ ಮ್ಯಾಲ ನೊಣ ಕುಂತ್ರೂ ಹೊಡಿಬ್ಯಾಡ್ರಿ" ಅನ್ನುತ್ತಿದ್ದೆ. ಮೊದಲ ಐದು ನಿಮಿಷ ಎಲ್ಲರೂ ನಗುತ್ತಿದ್ದರು. ಹದಿನೈದು ನಿಮಿಷವಾಗುವ ಹೊತ್ತಿಗೆ ಮಲಗಿದವನಿಗೆ ಬೆನ್ನಿನ ಕೆಳಗೆ ಉರಿ ಹತ್ತುತ್ತಿತ್ತು. ಆಗ ಕೇಳುತ್ತಿದ್ದೆ: "ಈಗ ನಿಮ್ಮ ಮಗ್ಗಲ ಹೊಳ್ಳಸವ್ರು ಯಾರ್ರಿ? ಎರಡು ತಾಸಿಗೊಮ್ಮೆ, ಹಗಲೂ ರಾತ್ರಿ, ಎಷ್ಟು ವರ್ಷ ಅಂತ ಯಾರಿಗೂ ಗೊತ್ತಿಲ್ಲ."

ಅಲ್ಲಿಂದ ಮುಂದೆ ಖರ್ಚಿನ ಮಾತು. ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿ ಗಾದಿಗೆ ಎಷ್ಟು, ಔಷಧಕ್ಕೆ ಎಷ್ಟು, ಹಗಲು ನೋಡಿಕೊಳ್ಳುವ ಹೆಂಗಸಿಗೆ ಪಗಾರ ಎಷ್ಟು. ಸರ್ಕಾರದಿಂದ ಬರುವ ನಿರಾಧಾರ ಪಗಾರ ಇದರಲ್ಲಿ ಯಾವ ಮೂಲೆಗೂ ಸಾಲದು. ಅದಕ್ಕೆ ಕೈಕಾಲು ಗಟ್ಟಿ ಇರುವಾಗಲೇ ಸ್ವಲ್ಪ ಹೊಲ ನಿಮ್ಮ ಹೆಸರಿಗೆ ಉಳಿಸಿಕೊಳ್ಳಿ, ಅದರ ಉತ್ಪನ್ನ ಆರೈಕೆಗೇ ಎಂದು ಬರೆದಿಡಿ, ಯಾರು ಯಾವಾಗ ನೋಡಿಕೊಳ್ಳಬೇಕು ಎಂದು ಮಕ್ಕಳನ್ನು ಕೂರಿಸಿ ಈಗಲೇ ಗೊತ್ತು ಮಾಡಿ. ಇಷ್ಟನ್ನು ಹೇಳಿ, ಕೊನೆಗೆ ಒಂದು ಫಾರ್ಮು ತುಂಬಿಸಿ ಸಹಿ ಹಾಕಿಸುವುದು ಪದ್ಧತಿ.

ಆ ಫಾರ್ಮಿನಲ್ಲೇ ನಾನು ಜಾಣತನ ತೋರಿಸಲು ಹೋದದ್ದು. ಜತ್ತಿನ ನಮ್ಮ ಸಂಸ್ಥೆಯ ಕಚೇರಿಯಿಂದ ಬಂದ ಫಾರ್ಮು ಮರಾಠಿಯಲ್ಲಿತ್ತು, ಜನವರಿಯಿಂದ ಡಿಸೆಂಬರವರೆಗೆ ಮನೆಗಳನ್ನು ಹಾಕಿದ್ದರು. ಹಳ್ಳಿಯ ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಜೂನ ಅಂದ್ರ ಕಾರಹುಣ್ವಿ ಬರೂ ತಿಂಗಳೇನ್ರಿ?" ಎಂದು ಕೇಳುತ್ತಿದ್ದರು. ಹೊಲದ ಲಾವಣಿ ಅಂದರೆ ಗುತ್ತಿಗೆ, ಆಳಿನ ಪಗಾರ, ತಾಯಿ-ತಂದೆಯನ್ನು ಮಕ್ಕಳ ಮನೆಗೆ ಸರದಿಯಂತೆ ಕಳಿಸುವ ಪಾಳಿ, ಎಲ್ಲವೂ ಈ ಕಡೆ ಯುಗಾದಿ ಪಾಡ್ಯದಿಂದ ಪಾಡ್ಯಕ್ಕೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ನಾನೇ ಕೂತು ಫಾರ್ಮನ್ನು ಕನ್ನಡಕ್ಕೆ ತಂದೆ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಹನ್ನೆರಡು ಸಾಲು ಹಾಕಿದೆ. ನಮ್ಮ ಸಾಹೇಬರು ನೋಡಿ ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಸಂಖ ಊರಿನ ಆಚೆಗಿನ ಒಂದು ಹಳ್ಳಿಯಲ್ಲಿ ಮೂವರು ಗಂಡುಮಕ್ಕಳ ಒಂದು ಮನೆ. ಒಂದೇ ಉದ್ದ ಛಾವಣಿ, ಮೂರು ಬಾಗಿಲು, ಮುಂದೆ ಮೂವರಿಗೂ ಸೇರಿದ ಒಂದು ಪಡಸಾಲೆ. ತಾಯಿ ಬಚ್ಚಲ ಕಲ್ಲಿನ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಗುಂಡಿಗೆ ತಡೆಯುವುದಿಲ್ಲ, ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೊಲ ಪಾಲಾಗುವಾಗ ಎರಡು ಎಕರೆ ದಾಳಿಂಬೆ ತೋಟ ಅವಳ ಹೆಸರಿನಲ್ಲೇ ಉಳಿದಿತ್ತು. ಹಾಗಾಗಿ ಆರೈಕೆಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಇದ್ದ ಅಪರೂಪದ ಮನೆ ಅದು.

ಮೂರು ಸಲ ಕೂರಬೇಕಾಯಿತು. ಮೊದಲ ಸಲ ಹಿರಿಯ ಮಗ ಸಿಟ್ಟಿನಿಂದ ಎದ್ದು ನಿಂತ. "ಹಡದ ತಾಯಿಗಿ ಲೆಕ್ಕ ಹಾಕಸ್ತೀರೇನ್ರಿ ಬಾಯಾರ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ" ಅಂದ. ಎರಡನೇ ಸಲ ಸೊಸೆಯಂದಿರು ಮಾತಾಡಿದರು, ಗಂಡಸರು ನೆಲ ನೋಡಿದರು. ಮೂರನೇ ಸಲ ಕಾಗದ ಆಯಿತು. ಚೈತ್ರದಿಂದ ಆಷಾಢ ಹಿರಿಯವನದು, ಶ್ರಾವಣದಿಂದ ಕಾರ್ತಿಕ ನಡುವಿನವನದು, ಮಾರ್ಗಶಿರದಿಂದ ಫಾಲ್ಗುಣ ಕಿರಿಯವನದು. ಗಾಳಿ ಗಾದಿ ಆಯಿಯ ಜೊತೆಗೇ ಹೋಗಬೇಕು. ತೋಟದ ಲಾವಣಿ ದುಡ್ಡಿನಲ್ಲಿ ಪಕ್ಕದ ಓಣಿಯ ಒಬ್ಬ ವಿಧವೆಗೆ, ಹಗಲು ಆಯಿಯನ್ನು ತೊಳೆದು ಬಳಿದು ಹೊರಳಿಸುವುದಕ್ಕೆ, ಹನ್ನೆರಡು ತಿಂಗಳ ಪಗಾರ. ಡಾಕ್ಟರ ಖರ್ಚು ಮೂವರಿಗೂ ಸಮ. ಫಾರ್ಮಿನ ಕೊನೆಯಲ್ಲಿ ಖಾಲಿ ಜಾಗ ಇತ್ತೆಂದು ನಾನೇ ಒಂದು ಸಾಲು ಸೇರಿಸಿದೆ: ಆಯಿ ತೀರಿದರೆ ಮಣ್ಣಿನ ಖರ್ಚು, ಮೂವರದೂ ಸಮ.

ಯುಗಾದಿ ಪಾಡ್ಯದಿಂದ ಕಾಗದ ಜಾರಿಗೆ ಬಂತು, ಮತ್ತು ಚೆನ್ನಾಗಿಯೇ ನಡೆಯಿತು. ಹಿರಿಯವನ ಮನೆಗೆ ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ಆಯಿಯ ಬೆನ್ನು ನುಣುಪಾಗಿತ್ತು, ಬಟ್ಟೆ ಒಣಗಿತ್ತು, ಗಾದಿಯ ಪಂಪು ಗೊರಗೊರ ಅನ್ನುತ್ತಿತ್ತು. ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಹಿರಿಯವನು ಗೋಡೆಗೆ ನೇತುಹಾಕಿದ್ದ, ಮೊಳೆ ಒಂದೇ ಇತ್ತೆಂದು ಕ್ಯಾಲೆಂಡರಿನ ಮೇಲೆಯೇ. ಅದರ ಝೆರಾಕ್ಸ್ ಹಿಡಿದು ನಾನು ಯಳವಿಗೆ ಹೋದೆ, ಉಮದಿ ಕಡೆಯ ಊರುಗಳಿಗೆ ಹೋದೆ. "ನೋಡ್ರಿ, ಹಿಂಗ ಬರಕೋಬೇಕು" ಅಂದೆ. ಹಲವು ಮನೆಯವರು ಹಾಗೇ ಬರೆದುಕೊಂಡರು.

ಆ ವರ್ಷ ಅಧಿಕ ಶ್ರಾವಣ ಬಿದ್ದಿತ್ತು.

ನಮ್ಮ ಚಾಂದಿನ ಲೆಕ್ಕದಲ್ಲಿ ಹನ್ನೆರಡೇ ತಿಂಗಳು. ಅದಕ್ಕೇ ನಮ್ಮ ರೋಜಾ ಒಂದು ಕಾಲಕ್ಕೆ ಬೇಸಿಗೆಗೆ, ಒಂದು ಕಾಲಕ್ಕೆ ಚಳಿಗೆ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿ ಮಳೆ ಬೆಳೆಗೆ ಹೊಂದಿಸಿಕೊಳ್ಳುವುದು ನೆರೆಮನೆಯವರ ಲೆಕ್ಕ. ನನಗೆ ಅದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬಬಾರದು. ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ಕಡೆ ಅದಕ್ಕೆ ಧೋಂಡಾ ತಿಂಗಳು ಅನ್ನುತ್ತಾರೆ, ಮಗಳನ್ನೂ ಅಳಿಯನನ್ನೂ ಕರೆದು ಹೋಳಿಗೆ ಉಣಿಸಿ ಬಟ್ಟೆ ಕೊಡುತ್ತಾರೆ. ಆ ವರ್ಷವೂ ಪಕ್ಕದ ಮನೆಯಿಂದ ತುಪ್ಪ ಹಚ್ಚಿದ ಹೋಳಿಗೆ ಬಂತು, ಎರಡು ತಿಂದೆ. ನನ್ನ ಫಾರ್ಮಿನಲ್ಲಿ ಈ ತಿಂಗಳಿಗೆ ಸಾಲಿಲ್ಲ ಎಂಬುದು ತಲೆಗೆ ಬರಲೇ ಇಲ್ಲ. ಅದೇ ಹೊತ್ತಿಗೆ ಮೊಹರಂ ಚಾಂದ್ ಕಂಡಿತ್ತು. ರಜೆ ಹಾಕಿ ಮನೆಯಲ್ಲಿ ಉಳಿದೆ.

ಮೊಹರಂ ಮುಗಿದ ಮರುದಿನ ಆ ಮನೆಗೆ ಹೋದೆ. ಆಯಿ ಪಡಸಾಲೆಯಲ್ಲಿದ್ದಳು. ಮೂರು ಬಾಗಿಲುಗಳ ನಡುವೆ, ಗೋಡೆಗೆ ಒತ್ತಿದ ಮಂಚದ ಮೇಲೆ. ಗಾಳಿ ಗಾದಿ ಕೆಳಗಿತ್ತು, ಆದರೆ ಚಪ್ಪಟೆಯಾಗಿತ್ತು. ಪಂಪಿನ ವಾಯರನ್ನು ಸುತ್ತಿ ಅವಳ ಕಾಲ ಬಳಿ ಇಟ್ಟಿದ್ದರು. ಒಳಗಿನಿಂದ ಹೂರಣದ ವಾಸನೆ ಬರುತ್ತಿತ್ತು.

ಮಾತು ಆಮೇಲೆ ಎಂದುಕೊಂಡು ಮೊದಲು ಕೈ ಹಾಕಿ ನೋಡಿದೆ. ಸೊಂಟದ ಕೆಳಗಿನ ಬಟ್ಟೆ ಒದ್ದೆ, ನಿನ್ನೆಯದು. ಹೊರಳಿಸಿದರೆ ಬೆನ್ನಿನ ಬುಡದಲ್ಲಿ ಅಂಗೈಯಗಲ ಹುಣ್ಣು, ನಡುವೆ ಕಪ್ಪಾಗಿತ್ತು. ನಾನು ಕಟ್ಟೆಕಟ್ಟೆಯ ಮೇಲೆ ಜನರಿಗೆ ಚಿತ್ರದಲ್ಲಿ ತೋರಿಸುತ್ತಿದ್ದೆನಲ್ಲ, ಅದೇ ಹುಣ್ಣು. ಆಯಿ ನೋವಿಗೆ ಹಲ್ಲು ಕಚ್ಚಿ ನನ್ನ ಸೆರಗು ಹಿಡಿದಳು.

ಹಿರಿಯ ಮಗ ಹೊರಗೆ ಬಂದ. "ಬರ್ರಿ ಬಾಯಾರ, ಕುಂದ್ರಿ. ಅಳಿಯಾರು ಬಂದಾರ, ಹೋಳಿಗಿ ಉಂಡ ಹೋಗ್ರಿ."

"ಆಯಿ ಹೊರಗ ಯಾಕ ಅದಾಳ್ರಿ?"

"ನನ್ನ ಪಾಳಿ ಆಷಾಢ ಅಮಾಸಿಗಿ ಮುಗೀತಲ್ರಿ."

ನಡುವಿನವನು ತನ್ನ ಬಾಗಿಲಲ್ಲೇ ನಿಂತು ಹೇಳಿದ, "ನಂದು ಶ್ರಾವಣದಿಂದ. ಇದು ಅಧಿಕ. ನಿಜ ಶ್ರಾವಣ ಇನ್ನೂ ಹದಿನೇಳು ದಿನ ಅದ. ಹತ್ತಿದ ದಿನಾನ ಒಳಗ ಒಯ್ತೀನಿ, ಒಂದು ತಾಸು ತಡ ಮಾಡೂದಿಲ್ಲ."

ಕಿರಿಯವನು ಇನ್ನೂ ಸುಲಭವಾಗಿ ಪಾರಾದ. "ನನ್ನ ಯಾಕ ಕೇಳ್ತೀರಿ? ನಂದು ಮಾರ್ಗಶಿರ."

ಪಡಸಾಲೆಗೆ ಕರೆಂಟಿನ ಬೋರ್ಡು ಇರಲಿಲ್ಲ. ವಾಯರು ಯಾವುದಾದರೂ ಒಂದು ಬಾಗಿಲೊಳಗಿಂದ ಬರಬೇಕು, ಆ ಬಾಗಿಲಿನವನ ಮೀಟರು ತಿರುಗಬೇಕು, ತಿರುಗಿದರೆ ಪಾಳಿ ಒಪ್ಪಿಕೊಂಡಂತೆ. ಹಗಲಿನ ಹೆಂಗಸೂ ಬರುತ್ತಿರಲಿಲ್ಲ. ಅವಳ ಪಗಾರ ಹನ್ನೆರಡು ತಿಂಗಳಿಗೆ ಗೊತ್ತಾಗಿತ್ತು, ಇದು ಅವುಗಳಲ್ಲಿಲ್ಲದ ಹದಿಮೂರನೆಯದು. ಕೂಲಿ ಬಿಟ್ಟರೆ ಅವಳ ಒಲೆ ಉರಿಯುವುದಿಲ್ಲ, ಯಾರದೋ ದಾಳಿಂಬೆ ತೋಟಕ್ಕೆ ಹೋಗುತ್ತಿದ್ದಳು. ಹೋಗುವ ಮುಂಚೆ ನಸುಕಿನಲ್ಲಿ ಬಂದು ಒಮ್ಮೆ ಬಟ್ಟೆ ಬದಲಿಸುತ್ತಿದ್ದಳು, ಅದು ಅವಳ ಧರ್ಮ. ಉಳಿದಂತೆ ಊಟ ಮೂರೂ ಮನೆಯಿಂದ ಬರುತ್ತಿತ್ತು. ಊಟ ಕೊಡುವುದು ಓಣಿಗೆ ಕಾಣುತ್ತದೆ. ಮಗ್ಗಲು ಹೊರಳಿಸುವುದು ಯಾರಿಗೂ ಕಾಣುವುದಿಲ್ಲ.

"ಇದು ಮನುಷ್ಯಾರು ಮಾಡೂ ಕೆಲಸೇನ್ರಿ?" ಅಂದೆ. ನನ್ನ ಧ್ವನಿ ಏರಿತ್ತು.

ಹಿರಿಯವನು ಒಳಗೆ ಹೋಗಿ ಕಾಗದ ತಂದು ನನ್ನ ಮುಂದೆ ಹಿಡಿದ. "ಸಿಟ್ಟಾಗಬ್ಯಾಡ್ರಿ. ನೀವ ಬರದದ್ದು. ಇದ್ರಾಗ ಅಧಿಕ ಎಲ್ಲಿ ಅದ ತೋರಿಸ್ರಿ, ನಾ ಈಗಿಂದೀಗ ಒಳಗ ಒಯ್ತೀನಿ."

ನನ್ನ ಅಕ್ಷರ, ನನ್ನ ಹನ್ನೆರಡು ಸಾಲು. ಆ ಕಾಗದವನ್ನು ತೆಗೆದ ಮೊಳೆಯಲ್ಲಿ, ಅಷ್ಟೂ ದಿನ ಅದರ ಕೆಳಗೆ ಮುಚ್ಚಿಹೋಗಿದ್ದ ಕ್ಯಾಲೆಂಡರು ಬಾಗಿಲಿನಿಂದ ಕಾಣುತ್ತಿತ್ತು. ಅದರಲ್ಲಿ ಅಧಿಕ ಶ್ರಾವಣ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು.

"ಕಾಗದ ಮಾಡೂ ಮುಂದ ನಿಮಗ ಗೊತ್ತಿತ್ತೇನ್ರಿ, ಈ ವರ್ಷ ಅಧಿಕ ಬರ್ತದಂತ?"

ಅವನು ನನ್ನನ್ನು ಮಗುವನ್ನು ನೋಡಿದಂತೆ ನೋಡಿದ. "ಒಕ್ಕಲಿಗ್ಯಾರಿಗಿ ಗೊತ್ತಿರಲಾರದ ಇರ್ತದೇನ್ರಿ? ಮೂರೂ ಮಂದಿಗಿ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಯಾರು ಬಾಯಿ ಬಿಡ್ತಾರ, ಅವ್ರ ಕೊರಳಿಗಿ ಬೀಳ್ತಿತ್ತಲ್ರಿ."

ಮೂರು ಸಲ ಕೂತಿದ್ದೆವು. ಚಹಾ ಕುಡಿದಿದ್ದೆವು. ಲಾವಣಿ, ವಾಯರು, ಬಕೀಟು, ಏನೆಲ್ಲ ಚರ್ಚೆಯಾಗಿತ್ತು. ಅಷ್ಟೂ ಹೊತ್ತು ಮೂವರು ಅಣ್ಣತಮ್ಮಂದಿರು, ತಾಯಿಯನ್ನು ಪಕ್ಕದಲ್ಲೇ ಮಲಗಿಸಿಕೊಂಡು, ಒಂದು ಇಡೀ ತಿಂಗಳನ್ನು ಬಾಯಲ್ಲಿ ಬಚ್ಚಿಟ್ಟುಕೊಂಡಿದ್ದರು. ನಾನು ಅದನ್ನು ಒಪ್ಪಂದ ಎಂದು ನಂಬಿ ಊರೂರಿಗೆ ತೋರಿಸುತ್ತ ತಿರುಗಿದ್ದೆ. ಅವರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು.

ನಾನು ಕರೆಸಿದ ಆರೋಗ್ಯ ಉಪಕೇಂದ್ರದ ನರ್ಸು ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು, ಜತ್ತಿಗೆ ಒಯ್ದು ಸೇರಿಸಿ ಅಂದಳು. "ಅಲ್ಲಿ ಕೂಡಾ ಕುಂದ್ರಾವ್ರು ಯಾರು?" ಎಂದು ನಡುವಿನವನು ಕೇಳಿದ. ಆಸ್ಪತ್ರೆಯ ಹೆಸರು ಕೇಳಿ ಆಯಿಯೂ ಬೇಡವೇ ಬೇಡ ಅಂದಳು. ಮಕ್ಕಳು ನೋಡಿಕೊಳ್ಳದಿದ್ದರೆ ಪ್ರಾಂತಾಧಿಕಾರಿಯ ಕಚೇರಿಗೆ ಅರ್ಜಿ ಕೊಡಬಹುದು ಎಂಬ ಕಾಯ್ದೆ ನನಗೆ ಬಾಯಿಪಾಠ, ಪ್ರತಿ ಸಭೆಯಲ್ಲೂ ಹೇಳುವುದೇ. ಅರ್ಜಿ ಬರೆದು ಶಾಯಿ ಡಬ್ಬಿ ತೆಗೆದೆ. ಆಯಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಒತ್ತೂದಿಲ್ಲವಾ. ಈ ಪಡಸಾಲಿಗಿ ಕಲ್ಲು ಹೊತ್ತಾಕಿ ನಾ. ಇದ್ರಾಗ ಸಾಯ್ತೀನಿ, ಮಕ್ಕಳನ್ನ ಕಚೇರಿಗಿ ಎಳದಾಕಿ ಅಂತ ಅನಿಸ್ಕೊಂಡು ಸಾಯೂದಿಲ್ಲ."

ಆಗ ನನಗೆ ಇನ್ನೊಂದು ಉಪಾಯ ಹೊಳೆಯಿತು. ಇವರಿಗೆ ನಾಚಿಕೆ ಆಗಬೇಕು ಎಂದುಕೊಂಡೆ. ಕಾಗದದ ಪ್ಲಾಸ್ಟಿಕ್ ಬಿಡಿಸಿ, ಹನ್ನೆರಡನೇ ಸಾಲಿನ ಕೆಳಗೆ ಎಲ್ಲರೂ ನೋಡುವಂತೆ ಬರೆದೆ: ಅಧಿಕ ಮಾಸ, ಪಾಳಿ ಕಾಗದ ಬರೆದವಳದು. ಕೆಳಗೆ ನನ್ನ ಹೆಸರು ಹಾಕಿ ಹಿರಿಯವನ ಕೈಗೆ ಕೊಟ್ಟೆ. ಪರರ ಮನೆಯ ಹೆಂಗಸು, ಅದೂ ಬೇರೆ ಜಾತಿಯವಳು, ಅಳಿಯ ಒಳಗೆ ಕೂತಿರುವಾಗ ತಾಯಿಯ ಪಾಳಿ ಹಿಡಿಯುತ್ತಾಳೆ ಎಂದರೆ ಯಾವ ಗಂಡುಮಗ ಸುಮ್ಮನಿದ್ದಾನು? ಅವನು ನಿಧಾನವಾಗಿ ಓದಿದ. ತಮ್ಮನಿಗೆ ಕೊಟ್ಟ, ಅವನೂ ಓದಿದ.

"ಚಲೋ ಆತು ಬಿಡ್ರಿ ಬಾಯಾರ" ಅಂದ ಹಿರಿಯವನು. ಮುಖದಲ್ಲಿ ನಿಜವಾದ ನಿರಾಳ ಇತ್ತು. "ತಾರೀಖೂ ಹಾಕಿಬಿಡ್ರಿ ಹಂಗ."

ತಾರೀಖು ಹಾಕಿದೆ. ಇನ್ನೇನು ಮಾಡಲಿ.

ಆ ಸಂಜೆ ಸಾಹೇಬರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನೋಡವಾ, ತಿಳುವಳಿಕಿ ಕೊಡೂದು ನಮ್ಮ ಕೆಲಸ. ಮಗ್ಗಲ ಹೊಳ್ಳಸೂದು ನಮ್ಮ ಪ್ರಾಜೆಕ್ಟಿನ್ಯಾಗ ಇಲ್ಲ" ಅಂದರು. ಹದಿನೇಳು ದಿನ ಬಿನಪಗಾರಿ ರಜೆ ಹಾಕಿದೆ.

ದಿನಾ ಮೊದಲ ಬಸ್ಸಿಗೆ ಉಮದಿ ಬಿಟ್ಟರೆ ಒಂಬತ್ತಕ್ಕೆ ಅಲ್ಲಿರುತ್ತಿದ್ದೆ. ನಾಲ್ಕರ ಬಸ್ಸಿಗೆ ವಾಪಸು. ಬಂದ ಕೂಡಲೇ ಬಿಸಿನೀರು, ಒಣಬಟ್ಟೆ. ಹಳೇ ಧೋತರದ ತುಂಡನ್ನು ಸೊಂಟದ ಕೆಳಗೆ ಹಾಸಿ, ಅದರ ಅಂಚು ಹಿಡಿದು ಎಳೆದು ಮಗ್ಗಲು ಮಾಡುವುದು. ಎರಡು ಮೊಣಕಾಲಿನ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಉಪ್ಪುನೀರು ಕಾಯಿಸಿ ಆರಿಸಿ ಹುಣ್ಣು ತೊಳೆದು, ನರ್ಸು ಕೊಟ್ಟ ಪಟ್ಟಿ. ಎರಡನೇ ದಿನ ಕಿರಿಯ ಸೊಸೆ ಗಂಡ ಹೊಲಕ್ಕೆ ಹೋದದ್ದು ನೋಡಿ, ಕಿಟಕಿಯಿಂದ ಒಂದು ವಾಯರು ಚಾಚಿದಳು. "ಐದಕ್ಕ ತಗೀತೀನ್ರಿ, ಯಾರಿಗೂ ಹೇಳಬ್ಯಾಡ್ರಿ" ಅಂದಳು. ಪಂಪು ಹಗಲು ಗೊರಗೊರ ಅನ್ನತೊಡಗಿತು. ಸಂಜೆ ಕೂಲಿಯಿಂದ ಬಂದ ಮೇಲೆ ಆ ವಿಧವೆ ಒಮ್ಮೆ ಹೊರಳಿಸುತ್ತಿದ್ದಳು. ರಾತ್ರಿ ಯಾರೂ ಇಲ್ಲ. ನಾನು ಹಗಲು ಕಟ್ಟಿದ್ದನ್ನು ರಾತ್ರಿ ಬಿಚ್ಚಿ ಹಾಕುತ್ತಿತ್ತು. ಹುಣ್ಣು ಆಳಕ್ಕೆ ಇಳಿಯುವುದನ್ನು ನಾನೇ ದಿನಾ ತೊಳೆದು ನೋಡಿದೆ.

ಒಂದು ದಿನ ಆಯಿ ಕೇಳಿದಳು, "ಇವತ್ತ ಯಾರ ಪಾಳಿವಾ?"

"ನಂದ, ಆಯಿ."

"ನಿನಗ ಯಾವ ಹೊಲಾ ಬರದಾರ?"

"ಯಾವ ಹೊಲಾನೂ ಇಲ್ಲ."

"ಮತ್ಯಾಕ ಬರ್ತಿ ಹುಚ್ಚಿ?"

"ಕಾಗದ ತಪ್ಪು ಬರದಾಕಿ ನಾನ, ಅದಕ್ಕ."

ಆಯಿ ನನ್ನ ಮುಂಗೈ ಸವರಿದಳು. ಆಮೇಲೆ, "ನಿಂದೇನೂ ತಪ್ಪಿಲ್ಲ. ಮೂರೂ ಮಂದಿಗಿ ಓದಾಕ ಬರ್ತದ. ನಾನ ಕೈ ಹಿಡದು ಸಾಲಿಗಿ ಬಿಟ್ಟು ಬರ್ತಿದ್ದೆ" ಅಂದಳು. ನಾನು ನೀರು ಚೆಲ್ಲುವ ನೆವ ಮಾಡಿ ಹಿತ್ತಲಿಗೆ ಹೋಗಿ ಅತ್ತೆ.

ಅಮಾವಾಸ್ಯೆ ಕಳೆಯಿತು. ನಿಜ ಶ್ರಾವಣದ ಮೊದಲ ಬೆಳಗ್ಗೆ ನಡುವಿನವನು ಹೇಳಿದ ಮಾತಿಗೆ ತಪ್ಪಲಿಲ್ಲ. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಮಂಚ ಒಳಗಿತ್ತು, ಪಂಪು ನಡೆಯುತ್ತಿತ್ತು, ಹಗಲಿನ ಹೆಂಗಸು ಪಗಾರದ ಮೇಲೆ ಮರಳಿ ಬಂದಿದ್ದಳು. ಗೋಡೆ ತೊಳೆದು, ಊದುಬತ್ತಿ ಹಚ್ಚಿದ್ದರು. ಅವನ ಹೆಂಡತಿ ಆ ದಿನಗಳಲ್ಲಿ ರಾತ್ರಿ ಎದ್ದೆದ್ದು ಹೊರಳಿಸಿದಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೀವು ರಕ್ತಕ್ಕೆ ಸೇರಿತ್ತು. ಒಂಬತ್ತನೆಯ ದಿನ ಆಯಿ ಹೋದಳು.

"ನಡುವಿನಾವನ ಕೈಯಾಗ ಸತ್ಳು, ಪಾಪ, ಎಷ್ಟು ಚಲೋ ನೋಡ್ಕೊಂಡಿದ್ದ" ಎಂದು ಓಣಿಯವರು ಮಾತಾಡಿಕೊಂಡರು. ಅಧಿಕ ಮಾಸದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಹೂವು, ವಾದ್ಯ, ಊಟ ಯಾವುದಕ್ಕೂ ಜಗಳವಾಗಲಿಲ್ಲ. ಹಿರಿಯವನು ಕಾಗದ ತೆಗೆದು ಕೊನೆಯ ಸಾಲು ಓದಿದ, ಮೂವರದೂ ಸಮ. ಅಲ್ಲೇ ನಿಂತು ಮೂವರೂ ಜೇಬಿಗೆ ಕೈ ಹಾಕಿದರು. ನಾನು ಬರೆದದ್ದರಲ್ಲಿ ಯಾರೂ ಕೊಸರಾಡದೆ ನಡೆಸಿಕೊಟ್ಟದ್ದು ಅದೊಂದೇ ಸಾಲು.

ಹಿಂದೆ ಕಾಗದ ಮಾಡಿಕೊಟ್ಟ ಮನೆಗಳಿಗೆಲ್ಲ ಮತ್ತೆ ಹೋದೆ. ಕೆಲವು ಕಡೆ ಅಧಿಕ ತಿಂಗಳು ಯಾರದೋ ಪಾಳಿಯ ನಟ್ಟನಡುವೆ ಸಿಕ್ಕಿ ತಾನಾಗಿ ದಾಟಿಹೋಗಿತ್ತು. ಒಂದೆರಡು ಕಡೆ ಆ ತಿಂಗಳು ಮಂಚ ಪಡಸಾಲೆಗೆ ಬಂದಿತ್ತು. ಫಾರ್ಮಿಗೆ ಹದಿಮೂರನೇ ಸಾಲು ಹಾಕಿಸಿದೆ. ಸಾಹೇಬರು ಅದಕ್ಕೂ ಬೆನ್ನು ತಟ್ಟಿದರು.

ಹೊಸ ಫಾರ್ಮು ಹಿಡಿದು ಉಮದಿಯಲ್ಲೇ ಮೊದಲ ಸಭೆ ಮಾಡಿದೆ. ಕೌದಿ ಹಾಸಿದೆ, ಒಬ್ಬನನ್ನು ಮಲಗಿಸಿದೆ, ಎಲ್ಲರೂ ನಕ್ಕರು. ಫಾರ್ಮು ತುಂಬುವಾಗ ನಾಲ್ವರು ಅಣ್ಣತಮ್ಮಂದಿರ ಮನೆಯವನೊಬ್ಬ, ತಿಳಿದವನು, ಹದಿಮೂರನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದ.

"ಇದು ಮೂರು ವರ್ಷಕ್ಕೊಮ್ಮೆ ಬರೂದಲ್ರಿ. ಅಲ್ಲೀ ತನಕ ನಮ್ಮ ಅಪ್ಪ ಇರ್ತಾನ ಅಂತ ಏನು ಗ್ಯಾರಂಟಿ? ಖಾಲಿ ಬಿಡ್ರಿ ಸದ್ಯಕ್ಕ."

ಅಪ್ಪ ಅವನ ಪಕ್ಕದಲ್ಲೇ ಕೂತಿದ್ದ. ಕೋಲಿನ ತುದಿಯಿಂದ ನೆಲ ಕೆದರುತ್ತಿದ್ದ.

ನಾನು ಪೆನ್ನನ್ನು ಆ ಮಗನ ಕೈಯಲ್ಲಿಟ್ಟು, "ಮೊದಲ ಇದನ್ನ ತುಂಬ್ರಿ. ಇದ್ರಾಗ ಯಾರದರ ಹೆಸರು ಬಂದ್ರ ಮ್ಯಾಲಿನ ಹನ್ನೆರಡು ಬರೀತೀನಿ" ಅಂದೆ. ಅವನು ಪೆನ್ನನ್ನು ಅಣ್ಣನಿಗೆ ಕೊಟ್ಟ. ಅಣ್ಣ ಇನ್ನೊಬ್ಬನಿಗೆ ಕೊಟ್ಟ. ನಾಲ್ವರ ಕೈ ಸುತ್ತಿ ಪೆನ್ನು ನನಗೇ ವಾಪಸು ಬಂತು.

ಕೌದಿ ಮಡಚಿಕೊಂಡು ಎದ್ದು ಬಂದೆ. ಈಗ ಎಲ್ಲ ಕಡೆ ಹೀಗೇ ಮಾಡುತ್ತೇನೆ, ಫಾರ್ಮು ಕೆಳಗಿನಿಂದ ತುಂಬಿಸುತ್ತೇನೆ. ಮೊದಲಿನ ಹಾಗೆ ಕಾಗದಗಳು ಆಗುತ್ತಿಲ್ಲ ಎಂದು ಕಚೇರಿಯಲ್ಲಿ ಕೇಳುತ್ತಾರೆ. ಹೆಚ್ಚಿನ ಮನೆಗಳಿಂದ ಖಾಲಿ ಫಾರ್ಮೇ ತಂದಿದ್ದೇನೆ.